ಕಾಳಿಗಂಡಕಿಯ ದಂಡೆಯಲ್ಲಿ ಸ್ಟಾರ್ಟ್ ಆಗದ ಜೀಪು

ಬೆಂಗಳೂರು, ವಿಮಾನ ಹತ್ತುವ ಮುಂಚೆ

ನಮ್ಮ ಯಜಮಾನರು ಮೊದಲ ಸಲ ಪರದೇಶಕ್ಕೆ ಹೊರಟಾಗ ಅವರ ಕೈಚೀಲದಲ್ಲಿ ಎರಡು ಪಂಚೆ, ಒಂದು ಸ್ವೆಟರು, ನಾನು ಕರಿದ ಚಕ್ಕುಲಿ ಮತ್ತು ಹಳೇ ಪೆಟ್ರೋಲ್ ಜೀಪಿನ ಅರ್ಧ ಇಗ್ನಿಷನ್ ಇತ್ತು. ಚಕ್ಕುಲಿಯ ವಿಷಯ ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಾಗಿದ್ದು ತಪಾಸಣೆಯ ಯಂತ್ರದ ಮುಂದೆ, ನಮ್ಮ ಹಿಂದೆ ಉದ್ದಕ್ಕೆ ಜನ ಸಾಲು ನಿಂತಿದ್ದಾಗ.

ಪರದೆಯ ಮೇಲೆ ಹೆಬ್ಬೆರಳು ಗಾತ್ರದ ಒಂದು ಲೋಹದ ಡಬ್ಬಿ, ಅದಕ್ಕೊಂದು ವೈರಿನ ಬಾಲ. ಅಧಿಕಾರಿ ಚೀಲವನ್ನು ಪಕ್ಕಕ್ಕೆಳೆದು, "ಏನ್ರೀ ಇದು?" ಎಂದರು.

"ಕಂಡೆನ್ಸರ್ ಕಣ್ ಸಾ," ಎಂದರು ಇವರು, ಗ್ಯಾರೇಜಿನಲ್ಲಿ ಗಿರಾಕಿಗೆ ಹೇಳುವ ಧಾಟಿಯಲ್ಲೇ. "ಪಾಯಿಂಟು ಸುಟ್ಟೋಗ್ದಂಗೆ ಕಾಯ್ತದೆ. ಇದು ಓದ್ರೆ ಗಾಡಿ ಸ್ಟಾರ್ಟೇ ಆಗಕಿಲ್ಲ."

"ಯಾವ ಗಾಡಿ? ನೀವು ಹೋಗ್ತಿರೋದು ವಿಮಾನದಲ್ಲಿ."

ನಾನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ನೋಡಿದೆ. ಪುಣ್ಯಕ್ಕೆ ಇನ್ನೊಬ್ಬ ಅಧಿಕಾರಿಯ ಮನೆಯಲ್ಲಿ ಅವರಪ್ಪನ ಕಾಲದ ಸ್ಕೂಟರ್ ಇತ್ತಂತೆ. ಆತ ಕಂಡೆನ್ಸರನ್ನು ಕೈಯಲ್ಲಿ ಹಿಡಿದು ನಕ್ಕು, ಚೀಲವನ್ನು ವಿಮಾನದ ಹೊಟ್ಟೆಗೆ ಹಾಕಿಸಿ ಬನ್ನಿ ಎಂದು ವಾಪಸು ಕಳಿಸಿದ. ಅಷ್ಟು ದೂರ ಮತ್ತೆ ನಡೆದು ಬಂದೆವು. ಇವರ ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ, ಕಂಡೆನ್ಸರ್ ಉಳಿಯಿತಲ್ಲ ಎಂಬ ನೆಮ್ಮದಿಯಿತ್ತು.

ಇವರೆಂದರೆ ಸ್ವಾಮಿಗೌಡರು. ಹುಣಸೂರಿನಲ್ಲಿ ಎಚ್.ಡಿ. ಕೋಟೆ ರಸ್ತೆಗೆ ಗ್ಯಾರೇಜು. ಈಗಿನ ಕಾರುಗಳನ್ನು ಕಂಡರೆ, "ಅದು ಮೊಬೈಲ್ ಅಂಗ್ಡೀಗೆ ಒಯ್ಯೋ ವಸ್ತು ಬುಡು" ಎನ್ನುತ್ತಾರೆ. ಕೊಡಗಿನ ತೋಟಗಳಿಂದ ಇಳಿದು ಬರುವ ಹಳೇ ಪೆಟ್ರೋಲ್ ಜೀಪೆಂದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಮದುವೆಯಾದಾಗಿನಿಂದ ಭಾನುವಾರಗಳಲ್ಲಿ ನನಗೆ ಇನ್ನೊಂದು ನೌಕರಿ. ಡ್ರೈವರ್ ಸೀಟಿನಲ್ಲಿ ಕೂತು, "ಸೆಲ್ಫ್ ಹೊಡಿ" ಎಂದಾಗ ಕೀ ತಿರುಗಿಸುವುದು, "ಸಾಕು" ಎಂದಾಗ ಬಿಡುವುದು.

ನಾವು ಹೊರಟಿದ್ದು ನೇಪಾಳಕ್ಕೆ, ತಾಶಿಯ ಮನೆಗೆ. ತಾಶಿ ಪಿರಿಯಾಪಟ್ಟಣದ ಹತ್ತಿರದ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವನು. ಅವನಿಗೆ ಜೀಪು ಬಿಚ್ಚಿ ಜೋಡಿಸುವುದನ್ನು ಕಲಿಸಿದ್ದು ಇವರೇ. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಾಯಾ ಎಂಬ ನೇಪಾಳಿ ಹುಡುಗಿಯನ್ನು ಮದುವೆಯಾಗಿ ಅವಳ ದೇಶಕ್ಕೇ ಹೋಗಿ ನೆಲೆಸಿದ್ದ. ಅಲ್ಲಿ ಪ್ರವಾಸಿಗರಿಗೆ ಮನೆಯಲ್ಲೇ ಊಟ ವಸತಿ ಕೊಡುತ್ತಾನೆ. "ಅಣ್ಣ, ಚಳೀಲಿ ಜೀಪು ಬಲೇ ಆಟ ಆಡ್ಸತೆ. ದಸರಾಗೆ ಬನ್ನಿ, ಒಂದ್ಜೊತೆ ಪಾಯಿಂಟೂ ಒಂದ್ ಕಂಡೆನ್ಸರೂ ತನ್ನಿ" ಎಂದು ಫೋನ್ ಮಾಡಿದ್ದ. ಇವರಿಗೆ ಹೊರಡಲು ಅಷ್ಟು ಸಾಕಾಯಿತು.

ನನ್ನ ಕಾರಣ ಬೇರೆ. ನನ್ನ ತವರು ಕೆ.ಆರ್. ನಗರದಾಚೆಯ ಸಾಲಿಗ್ರಾಮ. ತಾಶಿಯ ಮನೆ ಕಾಳಿಗಂಡಕಿಯ ದಂಡೆಯಲ್ಲಿದೆ, ಪೂಜೆಗಿಡುವ ಸಾಲಿಗ್ರಾಮ ಶಿಲೆ ಸಿಗುವುದು ಆ ನದಿಯಲ್ಲೇ ಎಂದು ಗೊತ್ತಾದ ದಿನದಿಂದ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ!

ಕಠ್ಮಂಡು

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ, ಕಾಲು ಗಂಟೆ. ವಿಮಾನ ಇಳಿದ ಕೂಡಲೇ ನಾನು ಗಡಿಯಾರ ತಿರುಗಿಸಿಕೊಂಡೆ. ಇವರು ಒಪ್ಪಲಿಲ್ಲ.

"ಕಾಲ್ಗಂಟೆಗೆಲ್ಲ ಯಾವನು ಗಡಿಯಾರ ತಿರುಗಿಸ್ತಾನೆ? ನಮ್ಮೂರ್ ಟೈಮೇ ಇರ್ಲಿ ಬುಡು."

ಹಬ್ಬಕ್ಕೆ ಊರಿಗೆ ಹೋಗುವ ಜನರಿಂದ ಬಸ್ ನಿಲ್ದಾಣ ತುಂಬಿ ತುಳುಕುತ್ತಿತ್ತು. ಬಸ್ಸಿನ ಮೇಲೆ ಆಡುಗಳು, ಒಳಗೆ ಅಜ್ಜಿಯರು. ಅಲ್ಲಿಯ ದಸರಾ, ಅವರ ಮಾತಿನಲ್ಲಿ ದಶೈಂ, ನಮ್ಮ ಮೈಸೂರಿನದರಂತೆ ನೋಡಲು ಹೋಗುವ ಹಬ್ಬವಲ್ಲ, ಮನೆಗೆ ಹೋಗುವ ಹಬ್ಬ. ಹತ್ತನೆಯ ದಿನ ಮನೆಯ ಹಿರಿಯರು ಮೊಸರು, ಅಕ್ಕಿ, ಕೆಂಪು ಬಣ್ಣ ಕಲಸಿ ಕಿರಿಯರ ಹಣೆಗೆ ದಪ್ಪಗೆ ಟೀಕಾ ಇಟ್ಟು, ತಲೆಗೆ ಮೊಳಕೆ ಪೈರು ಮುಡಿಸಿ ಹರಸುತ್ತಾರೆ. ಆ ಒಂದು ಬೊಟ್ಟಿಗಾಗಿ ಇಡೀ ದೇಶ ಬಸ್ಸು ಹತ್ತಿತ್ತು. ನಮ್ಮ ಪಕ್ಕ ಕೂತಿದ್ದ ಹೆಂಗಸು ಬಸ್ಸು ಹೊರಟ ಅರ್ಧ ಗಂಟೆಗೇ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿ, ಎದ್ದ ಮೇಲೆ ಏನೂ ಆಗದವಳಂತೆ ಕಿತ್ತಳೆ ಸುಲಿದು ಕೊಟ್ಟಳು. ನನಗೆ ಇದು ತುಂಬಾ ಇಷ್ಟವಾಯಿತು.

ದಾರಿಯ ಹೋಟೆಲಿನಲ್ಲಿ ಇವರಿಗೆ ಇನ್ನೊಂದು ಸಂತೋಷ ಕಾದಿತ್ತು. ಢಿಂಡೊ ಎಂದು ತಂದಿಟ್ಟರು. ನೋಡಿದರೆ ಮುದ್ದೆ! ಉಂಡೆ ಕಟ್ಟಿಲ್ಲ, ತಟ್ಟೆಯಲ್ಲಿ ಗುಡ್ಡೆ ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ. ಇವರು ಮುರಿದು, ಸೊಪ್ಪಿನ ಸಾರಿಗೆ ಅದ್ದಿ ನುಂಗಿದ್ದನ್ನು ನೋಡಿ ಹೋಟೆಲಿನವನು ಹೊರಗೆ ಹೋಗಿ ತನ್ನ ಹೆಂಡತಿಯನ್ನು ಕರೆತಂದ. ಅಗಿಯದೆ ನುಂಗುವ ವಿದೇಶಿಯನ್ನು ಅವರು ಅದೇ ಮೊದಲ ಸಲ ನೋಡಿದ್ದಂತೆ.

ಬೇನಿಯಿಂದಾಚೆ

ಬೇನಿ ಎಂಬ ಪೇಟೆ ದಾಟಿದ ಮೇಲೆ ರಸ್ತೆ ನದಿಯ ಜೊತೆಗೇ ಮೇಲೇರುತ್ತದೆ. ಕಾಳಿಗಂಡಕಿ ನಮ್ಮ ಕಾವೇರಿಯಂಥವಳಲ್ಲ. ಚುಂಚನಕಟ್ಟೆಯ ಹತ್ತಿರ ಕಾವೇರಿ ಒಮ್ಮೆ ಕೂಗಿ ಆಮೇಲೆ ಸುಮ್ಮನಾಗುತ್ತಾಳೆ. ಇವಳು ಬೂದಿ ಬಣ್ಣದ ನೀರು ಹೊತ್ತು ದಾರಿಯುದ್ದಕ್ಕೂ ಕೂಗುತ್ತಲೇ ಇರುತ್ತಾಳೆ. ನಾನು ಕಿಟಕಿಗೆ ಮೂಗು ಒತ್ತಿಕೊಂಡೇ ಕೂತಿದ್ದೆ.

ತಾಶಿ ರಸ್ತೆಯಲ್ಲೇ ನಿಂತಿದ್ದ. "ಅಣ್ಣಾ! ಅಕ್ಕಾ! ಬನ್ನಿ ಬನ್ನಿ, ಎಲ್ ತಡಾ ಆಯ್ತು ಅಂತ ಆಗ್ಲಿಂದ ಕಾಯ್ತಾವ್ನಿ" ಎಂದು ಅವನು ಕೂಗಿದಾಗ ಬಸ್ಸಿನವರೆಲ್ಲ ತಿರುಗಿ ನೋಡಿದರು. ಸುತ್ತ ಹಿಮದ ಬೆಟ್ಟ, ನಡುವೆ ಪಿರಿಯಾಪಟ್ಟಣದ ಕನ್ನಡ. ನನಗೆ ಅಳುವೇ ಬಂದುಬಿಟ್ಟಿತು.

ಜೀಪು ಅಂಗಳದಲ್ಲಿತ್ತು. ಇವರು ಕಾಫಿಯನ್ನೂ ಕುಡಿಯದೆ ಬಾನೆಟ್ ಎತ್ತಿದರು. ಮರುದಿನ, ಅಂದರೆ ಅಷ್ಟಮಿಯ ಹೊತ್ತಿಗೆ, ಕರೆಂಟನ್ನು ಕೂಡಿಸಿ ಬಿಡಿಸಿ ಕಿಡಿ ಹುಟ್ಟಿಸುವ ಪಾಯಿಂಟನ್ನು ಹೊಸದಾಗಿ ಕೂರಿಸಿ, ಪ್ಲಗ್ಗು ಉಜ್ಜಿ, ವೈರುಗಳ ತುದಿ ಕೆರೆದು ಮುಗಿಸಿದ್ದರು. ಸೆಲ್ಫ್ ಹೊಡೆದ ಮೊದಲ ಏಟಿಗೇ ಜೀಪು ಎದ್ದಿತು. ಅಂಗಳದಲ್ಲಿದ್ದ ಕೋಳಿಗಳು ಗೋಡೆ ಹತ್ತಿದವು.

"ಇನ್ ಎಲ್ಡು ವರ್ಷ ಈ ಕಡೀಕ್ ತಲೆ ಆಕಬೇಡ," ಎಂದು ತಾಶಿಯ ಬೆನ್ನು ತಟ್ಟಿದರು.

ನವಮಿ

ನೇಪಾಳದಲ್ಲೂ ನವಮಿಯ ದಿನ ವಾಹನಗಳಿಗೆ ಪೂಜೆಯಿದೆ! ಇದು ಗೊತ್ತಾದಾಗ ನನ್ನ ಸಂಭ್ರಮ ಹೇಳತೀರದು. ಪಕ್ಕದ ಮನೆಯವರು ಮೋಟಾರ್ ಸೈಕಲ್ ಮುಂದೆ ಕೋಳಿ ಕೊಯ್ದು ಚಕ್ರಕ್ಕೆ ರಕ್ತ ಹಚ್ಚಿದರು. ನಮ್ಮ ಕಡೆಯ ಮಾರಿಹಬ್ಬ ಕಂಡವಳಿಗೆ ಅದೇನು ಹೊಸದಲ್ಲ. ಆದರೆ ತಾಶಿಯ ಜೀಪಿಗೆ ನಮ್ಮ ಹುಣಸೂರಿನ ಪದ್ಧತಿಯಲ್ಲೇ ಆಯುಧ ಪೂಜೆಯಾಗಬೇಕು ಎಂದು ನಾನು ಪಟ್ಟು ಹಿಡಿದೆ. ಮೈಸೂರಿನಿಂದ ವಿಭೂತಿ, ಅರಿಶಿನ, ಕುಂಕುಮ ತಂದಿದ್ದೆ.

ಮೊದಲು ಜೀಪು ತೊಳೆದೆವು. ಊರಿನಲ್ಲಾದರೆ ಬಾನೆಟ್ಟಿನ ಮೇಲೆ ಮೂರು ಪಟ್ಟೆ ಎಳೆದು, ಸ್ಟಿಯರಿಂಗಿಗೊಂದು ಬೊಟ್ಟಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ ಮುಗಿಯಿತು. ಪರದೇಶದಲ್ಲಿ ಅಷ್ಟಕ್ಕೆ ನನ್ನ ಮನಸ್ಸು ತುಂಬಲಿಲ್ಲ. ಬಾನೆಟ್ ಎತ್ತಿಸಿದೆ. ಕೆಲಸ ಮಾಡುವ ಆಯುಧ ಒಳಗಿರುವುದಲ್ಲವೇ? ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ರೇಡಿಯೇಟರಿಗೆ, ಬ್ಯಾಟರಿಗೆ, ಎಂಜಿನ್ನಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಮೂರು ಪಟ್ಟೆ, ನಡುವೆ ಕುಂಕುಮ. ತಾಶಿ ಟಿಬೆಟನ್ನರ ಪದ್ಧತಿಯಂತೆ ಕನ್ನಡಿಗೆ ಬಿಳಿಯ ರೇಷ್ಮೆ ಪಟ್ಟಿ ಕಟ್ಟಿದ. ಮಾಯಾ ಹೆಡ್‌ಲೈಟಿನ ಮೇಲೆ ಕೆಂಪು ಅಕ್ಷತೆ ಅಂಟಿಸಿದಳು. ಮೂರು ಊರಿನ ದೇವರುಗಳನ್ನೂ ಹತ್ತಿಸಿಕೊಂಡ ಆ ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು.

ಸಂಜೆ ಅಡುಗೆಮನೆಯಲ್ಲಿ ಮಾಯಾ ನನಗೆ ಒಂದು ವಿಷಯ ಹೇಳಿದಳು. ಕಾಲೇಜಿನಲ್ಲಿ ಕಲಿತ ಅವಳ ಕನ್ನಡ ಸ್ವಲ್ಪ ತುಕ್ಕು ಹಿಡಿದಿತ್ತು, ಆದರೂ ಸ್ಪಷ್ಟವಾಗಿತ್ತು.

ಅವಳು ತಾಶಿಯನ್ನು ಮದುವೆಯಾದದ್ದು ಅವಳಪ್ಪನಿಗೆ ಇಷ್ಟವಿರಲಿಲ್ಲ. ನದಿಯಿಂದ ಮೇಲೆ, ಬೆಟ್ಟದ ಊರಿನಲ್ಲಿ ಅವರಿರುವುದು. ಮದುವೆಯಾದ ಮೇಲೆ ಅವಳು ಆ ಮನೆಯ ಹೊಸ್ತಿಲು ತುಳಿದಿಲ್ಲ, ಅಪ್ಪನ ಕೈಯ ಟೀಕಾ ಹಚ್ಚಿಸಿಕೊಂಡಿಲ್ಲ. ಮೂರು ವರ್ಷದ ಹಿಂದೆ ಒಮ್ಮೆ ದಶಮಿಗೆ ಬಾ ಎಂದು ಅಪ್ಪ ತಮ್ಮನ ಕೈಲಿ ಹೇಳಿಸಿದ್ದರು.

"ನನಗೆ ಭಯ ಆಯ್ತು ಅಕ್ಕ. ಎಲ್ಲರ ಮುಂದೆ ಬೈದರೆ? ಇವರನ್ನ ಹೊರಗೇ ನಿಲ್ಲಿಸಿದರೆ? ಜೀಪು ಕೆಟ್ಟಿದೆ, ಸ್ಟಾರ್ಟ್ ಆಗ್ತಿಲ್ಲ ಅಂತ ಸುಳ್ಳು ಹೇಳಿಬಿಟ್ಟೆ."

"ಆಮೇಲೆ?"

"ಆಮೇಲೆ ಕರೀಲೇ ಇಲ್ಲ. ಈ ವರ್ಷ ಮತ್ತೆ ಹೇಳಿಕಳಿಸಿದಾರೆ. ನಾಳೆ, ಇಬ್ಬರೂ ಬನ್ನಿ ಅಂತ. ಮುಹೂರ್ತ ಹನ್ನೊಂದೂ ಮುಕ್ಕಾಲಿಗೆ. ಎಪ್ಪತ್ತೆಂಟು ಆಯ್ತು ಅವರಿಗೆ. ಇನ್ನೊಂದು ಸಲ ಕರೀತಾರೋ ಇಲ್ಲವೋ."

"ನಾವೂ ಬರ್ತೀವಿ ಬುಡಮ್ಮ," ಎಂದೆ. ಜೀಪಿನ ಬಗ್ಗೆಯಂತೂ ನನಗೆ ಚಿಂತೆಯೇ ಇರಲಿಲ್ಲ.

ದಶಮಿ, ಬೆಳಗ್ಗೆ

ಬೆಳಗ್ಗೆ ಕಣಿವೆಯ ತುಂಬ ಮಂಜು. ಜೀಪಿನ ಮೈಯೆಲ್ಲ ಒದ್ದೆ. ತಾಶಿ ಹೊಸ ಕೋಟು ಹಾಕಿ, ಕೂದಲಿಗೆ ಎಣ್ಣೆ ಬಳಿದು, ಎಂಟು ಗಂಟೆಗೇ ಸಿದ್ಧನಾಗಿದ್ದ. ಮಾಯಾ ಕೆಂಪು ಸೀರೆಯುಟ್ಟಿದ್ದಳು. ತಾಶಿ ಕೀ ತಿರುಗಿಸಿದ.

ಸೆಲ್ಫ್ ಜೋರಾಗಿಯೇ ತಿರುಗಿತು. ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ. ಮಾಯಾ ನನ್ನ ಕೈ ಹಿಡಿದುಕೊಂಡಳು.

ಇವರು ಮೊದಲು ನಕ್ಕರು. "ನೆನ್ನೆ ತೊಳದ್ವಲ್ಲ, ಡಿಸ್ಟ್ರಿಬ್ಯೂಟರ್‌ಗೆ ನೀರು ಓಗದೆ. ಎಲ್ಡು ನಿಮಿಷ." ನಾಲ್ಕು ಪ್ಲಗ್ಗಿಗೆ ಸರದಿಯಂತೆ ಕರೆಂಟು ಹಂಚುವ ಆ ಕಪ್ಪು ಟೋಪಿಯನ್ನು ಬಿಚ್ಚಿ ಒಳಗೆ ಒಣಬಟ್ಟೆಯಲ್ಲಿ ಒರೆಸಿದರು. ನಾನು ನನ್ನ ಹಳೆಯ ನೌಕರಿಗೆ ಹತ್ತಿದೆ, ಅಂದರೆ ಡ್ರೈವರ್ ಸೀಟಿಗೆ.

"ಸೆಲ್ಫ್ ಹೊಡಿ."

ಹೊಡೆದೆ. ಇಲ್ಲ.

ಇವರ ನಗು ನಿಂತಿತು. ಒಂದು ಪ್ಲಗ್ಗು ಬಿಚ್ಚಿ ಮೂಸಿದರು. ಪೆಟ್ರೋಲಿನಲ್ಲಿ ನೆಂದಿತ್ತು. ಅಂದರೆ ಪೆಟ್ರೋಲು ಬರುತ್ತಿದೆ, ಅದನ್ನು ಹೊತ್ತಿಸುವ ಕಿಡಿ ಬರುತ್ತಿಲ್ಲ. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿನ ಮೈಗೆ ತಾಗಿಸಿಟ್ಟರು. ನಾನು ಸೆಲ್ಫ್ ಹೊಡೆದೆ. ಒಮ್ಮೆ ಚಿಕ್ಕದಾಗಿ ಮಿನುಗಿತು, ಮತ್ತೆರಡು ಸಲ ಏನೂ ಇಲ್ಲ.

"ಪಾಯಿಂಟಾ ಅಣ್ಣ?" ತಾಶಿ ಕೇಳಿದ.

"ಮೊನ್ನೆ ಆಕಿರೋದ್ಲಾ ಪಾಯಿಂಟು!"

ಆದರೂ ಬಿಚ್ಚಿದರು. ಎರಡು ತುದಿಗಳ ನಡುವೆ ಕಾಗದ ಎಳೆದು ಒರೆಸಿದರು, ಸ್ಕ್ರೂ ಡ್ರೈವರಿನಲ್ಲಿ ಬಿಡಿಸಿ ನೋಡಿದರು. ಚಿಟ್ ಎಂದು ಸಣ್ಣ ಕಿಡಿ. ಪಾಯಿಂಟು ಸರಿಯಿದೆ, ಅಲ್ಲಿಯವರೆಗೆ ಕರೆಂಟು ಬರುತ್ತಿದೆ. ಹಾಗಾದರೆ ಕಂಡೆನ್ಸರ್. ಬೆಂಗಳೂರಿನಿಂದ ಅಷ್ಟು ಮಾನ ಕಳೆದುಕೊಂಡು ತಂದ ಕಂಡೆನ್ಸರಿಗೆ ಕೊನೆಗೂ ಕಾಲ ಬಂತು ಎಂದುಕೊಂಡೆ. ಬದಲಾಯಿಸಿದರು. ಸೆಲ್ಫ್ ಹೊಡೆದೆ.

ಇಲ್ಲ!

ಪ್ಲಗ್ಗಿನ ವೈರು ಒಂದೊಂದಾಗಿ ಅದಲು ಬದಲು ಮಾಡಿದರು. ಮತ್ತೆ ಮತ್ತೆ ಒರೆಸಿದರು. ಹತ್ತೂ ಕಾಲಾಯಿತು. ಬಸ್ಸಿಗೆ ಹೋಗೋಣವೆಂದರೆ ಟೀಕಾದ ದಿನ ಆ ದಾರಿಯಲ್ಲಿ ಗಾಡಿಗಳೇ ಓಡುವುದಿಲ್ಲ, ಓಡಿಸುವವರೂ ಅವರವರ ಅಪ್ಪ ಅಮ್ಮನ ಮುಂದೆ ಕೂತಿರುತ್ತಾರೆ. ನಡೆದರೆ ಐದು ಗಂಟೆಯ ಏರು. ಬ್ಯಾಟರಿಯೂ ಸೊರಗತೊಡಗಿತ್ತು.

"ಇನ್ನೂ ಒಂದೂ ಮುಕ್ಕಾಲ್ ಗಂಟೆ ಅದೆ," ಎಂದರು ಇವರು ತಮ್ಮ ಗಡಿಯಾರ ನೋಡಿ.

"ಅದು ಹುಣಸೂರಿನ ಟೈಮು ಕಣ್ರೀ! ಒಂದೂವರೆ ಗಂಟೆ ಇರೋದು," ಎಂದೆ.

ಮಾಯಾ ತಮ್ಮನಿಗೆ ಫೋನ್ ಮಾಡಿದಳು. ಜೀಪು ಸ್ಟಾರ್ಟ್ ಆಗುತ್ತಿಲ್ಲ ಎಂದು ಹೇಳುವಾಗ ಅವಳ ಧ್ವನಿ ಒಡೆಯಿತು. ಮೂರು ವರ್ಷದ ಹಿಂದೆ ಹೇಳಿದ್ದ ಸುಳ್ಳನ್ನು ಈಗ ಅದೇ ಮಾತುಗಳಲ್ಲಿ ನಿಜವಾಗಿ ಹೇಳಬೇಕಾಗಿತ್ತು. ಆ ಕಡೆಯಿಂದ ಏನೋ ಹೇಳಿದರು. ಫೋನು ಇಟ್ಟು ಮೆಟ್ಟಿಲ ಮೇಲೆ ಕುಸಿದು ಕೂತಳು.

"ತಮ್ಮ ಅಪ್ಪನಿಗೆ ಹೇಳಿದನಂತೆ. ಕೇಳಿದ ಕೂಡಲೇ ಅವರು ಕೋಲು ತಗೊಂಡು ಎದ್ದು ಹೊರಗೆ ಹೋದರಂತೆ."

ತಾಶಿ ಕೋಟು ಬಿಚ್ಚಿ ಗೋಡೆಯ ಮೇಲೆ ಹಾಕಿದ.

ರಗ್ಗಿನೊಳಗೆ

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ಬಂತು. ಅಷ್ಟು ವರ್ಷ ಡ್ರೈವರ್ ಸೀಟಿನಲ್ಲಿ ಕೂತು ನಾನೇನು ನಿದ್ದೆ ಮಾಡುತ್ತಿದ್ದೆನೇ? ಮಳೆಗಾಲದಲ್ಲಿ ಇಂಥ ಜೀಪು ಬಂದಾಗ ಇವರು ಗ್ಯಾರೇಜಿನ ಶಟರ್ ಎಳೆದು ಕತ್ತಲು ಮಾಡುತ್ತಿದ್ದದ್ದು ನೆನಪಾಯಿತು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದ್ದರೆ ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

"ರೀ, ಕತ್ತಲು ಬೇಕು ಕಣ್ರೀ," ಎಂದೆ.

"ಹಗಲೊತ್ತು ಎಲ್ಲಿಂದ ತರ್ಲಿ ಕತ್ಲೆಯ?"

ನಾನು ಒಳಗೆ ಓಡಿ ಹಾಸಿಗೆಯ ಮೇಲಿದ್ದ ಎರಡು ದಪ್ಪ ರಗ್ಗು ಹೊತ್ತು ತಂದೆ. ಬಾನೆಟ್ಟಿನಿಂದ ನೆಲದವರೆಗೆ ಇಳಿಬಿಟ್ಟು, ನಾನೂ ಇವರೂ ತಲೆ ಸೊಂಟವೆಲ್ಲ ಒಳಗೆ ತೂರಿಸಿ ನಿಂತೆವು. ಮಾಯಾ ಹೊರಗಿನಿಂದ ಅಂಚುಗಳನ್ನು ಒತ್ತಿ ಹಿಡಿದಳು. ಪೆಟ್ರೋಲು, ಗ್ರೀಸು, ಇವರ ಬೆವರು, ಎಲ್ಲದರ ವಾಸನೆ. ಏನೂ ಕಾಣದು.

"ತಾಶೀ, ಹೊಡೀಲಾ!" ಎಂದು ಇವರು ಕೂಗಿದರು.

ಎಂಜಿನ್ ತಿರುಗಿತು. ಇವರು ಪ್ಲಗ್ಗುಗಳ ಕಡೆ ಬಗ್ಗಿದ್ದರು. ನಾನು ಈ ಕಡೆ ನೋಡುತ್ತಿದ್ದೆ. ಕಣ್ಣ ಮುಂದೆಯೇ ಸಣ್ಣ ನೀಲಿ ಗೆರೆಯೊಂದು ಸರಸರನೆ ಓಡಿತು. ಮತ್ತೆ ಓಡಿತು. ಬ್ಯಾಟರಿಯ ಸಣ್ಣ ಕರೆಂಟನ್ನು ಕಿಡಿಯಾಗುವಷ್ಟು ಹೆಚ್ಚಿಸುವ ಕಾಯಿಲ್ ಇದೆಯಲ್ಲ, ಅದರ ತಲೆಯ ಮೇಲೆ, ನಡುವಿನಿಂದ ಅಂಚಿನ ಲೋಹಕ್ಕೆ. ಓಡುತ್ತಿದ್ದ ದಾರಿ ನೇರವಾಗಿತ್ತು, ಅಗಲವಾಗಿತ್ತು, ಪಕ್ಕದಲ್ಲಿ ಅಂಥವೇ ಇನ್ನೆರಡು ದಾರಿಗಳಿದ್ದವು.

ನನ್ನ ವಿಭೂತಿ!

ಬೂದಿಯ ಪಟ್ಟೆ ಮಂಜಿಗೆ ಮತ್ತೆ ಒದ್ದೆಯಾಗಿ ಕರೆಂಟಿಗೆ ಕಾಲುವೆ ತೋಡಿಕೊಟ್ಟಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ನಾನು ಎಳೆದ ಗೆರೆಯ ಮೇಲೆ ಹರಿದು ಜೀಪಿನ ಮೈ ಸೇರುತ್ತಿತ್ತು. ಬೆಳಗ್ಗೆಯಿಂದ ಮಾಯಾಳ ಕಣ್ಣೀರಿಗೆ ಕಾರಣ ನಾನು. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ಸೆರಗಿನಲ್ಲಿ ಒರೆಸಿ ಸುಮ್ಮನಾಗಿಬಿಡಬೇಕು ಅನ್ನಿಸಿತು. ಇವರು ನೋಡಿರಲಿಲ್ಲ. ಕೈ ಮುಂದೆ ಹೋಗಿಯೇಬಿಟ್ಟಿತ್ತು.

"ಏಯ್, ಮುಟ್ಬ್ಯಾಡ! ವಡೀತದೆ!" ಎಂದು ಇವರು ಕೈ ಹಿಡಿದೆಳೆದರು.

"ರೀ, ಕಾಯಿಲ್ ನೋಡಿ. ನಾನು ಇಟ್ಟ ವಿಭೂತಿ ಮೇಲೆ ಓಡ್ತಾ ಇದೆ ಕರೆಂಟು. ಇದು ನಾನೇ ಮಾಡಿದ್ದು."

ಇವರು ನೋಡಿದರು. ತಾಶಿ ಇನ್ನೊಮ್ಮೆ ಹೊಡೆದ, ನೀಲಿ ಗೆರೆ ಇನ್ನೊಮ್ಮೆ ಓಡಿತು. ಕತ್ತಲಲ್ಲಿ ಇವರ ಮುಖ ಕಾಣಲಿಲ್ಲ. ಬೈಗುಳಕ್ಕೆ ಕಾದೆ.

"ಬೆಳಗ್ಗಿಂದ ನಾಕ್ ಸಲ ನೋಡ್ದೆ ಕಣೆ ಇದ್ನ," ಎಂದರು ಮೆಲ್ಲಗೆ. "ಎಲ್ಲಾನೂ ಒರೆಸ್ದೆ, ಇದ್ನೊಂದ್ ಬುಟ್ಟೆ. ಪೂಜೆ ಮಾಡಿರೋದ ಅಳ್ಸಬಾರ್ದು ಅಂತ ಕೈ ಆಕ್ನಿಲ್ಲ."

ರಗ್ಗಿನೊಳಗೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹೊರಗೆ ಮಾಯಾ, "ಏನಾಯ್ತು? ಏನಾಯ್ತು?" ಎಂದು ಕೂಗುತ್ತಿದ್ದಳು. ಹೊರಗೆ ಬಂದು ಅವಳಿಗೆ ಹೇಳಿದೆ. ತಪ್ಪು ನನ್ನದು ಎಂದೆ. ಅವಳು ನನ್ನನ್ನೇ ನೋಡಿ, ರಗ್ಗನ್ನು ಎಳೆದು ಬಿಸಾಡಿದಳು.

ಇವರು ವಿಭೂತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಪೆಟ್ರೋಲ್ ಬಟ್ಟೆಯಲ್ಲಿ ಕಾಯಿಲಿನ ತಲೆಯನ್ನು ತಿಕ್ಕಿ ತೊಳೆದರು. ಒಣಬಟ್ಟೆಯಲ್ಲಿ ಒರೆಸಿದರು. ಕಿಡಿ ಸುಟ್ಟಿದ್ದ ಕೂದಲೆಳೆಯಷ್ಟು ಕಪ್ಪು ಗೆರೆಯನ್ನು ಉಪ್ಪುಕಾಗದದಲ್ಲಿ ಕೆರೆದರು. ಪೆಟ್ರೋಲು ಪೂರಾ ಆರುವವರೆಗೆ ಕಾಯಿಸಿದರು, ಆ ಕೆಲವು ನಿಮಿಷ ನನಗೆ ಒಂದು ದಿನವಾಗಿ ಕಂಡಿತು.

"ಸೆಲ್ಫ್ ಹೊಡಿ, ರತ್ನಾ."

ಸುಸ್ತಾದ ಬ್ಯಾಟರಿ ಎರಡು ಸಲ ನರಳಿತು. ಮೂರನೆಯದಕ್ಕೆ ಜೀಪು ಗುಡುಗಿಬಿಟ್ಟಿತು! ನಾನು ಸೀಟಿನಲ್ಲೇ ಕುಣಿದೆ. ತಾಶಿ ಗೋಡೆಯ ಮೇಲಿನ ಕೋಟನ್ನು ಎಳೆದುಕೊಂಡು ಓಡಿಬಂದ. ಮಾಯಾ ಮಾತ್ರ ಹತ್ತಲಿಲ್ಲ.

"ಹನ್ನೊಂದೂ ಕಾಲು. ಹೋಗಿ ಏನು ಮಾಡೋದು? ಅವರು ಮನೇಲೇ ಇಲ್ಲ."

"ಹತ್ತಮ್ಮ ಮೊದಲು," ಎಂದು ಅವಳ ತೋಳು ಹಿಡಿದು ಮೇಲೆಳೆದುಕೊಂಡೆ.

ಮೇಲಿನೂರಿನ ದಾರಿ

ಆ ದಾರಿಯನ್ನು ದಾರಿ ಎನ್ನುವುದು ಕಷ್ಟ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನಾಗರಹೊಳೆಯ ಮಣ್ಣು ರಸ್ತೆಗಳಲ್ಲಿ ಪಳಗಿದ ಇವರು ತಾವೇ ಓಡಿಸುತ್ತೇನೆಂದು ಕೂತಿದ್ದರು. "ಎಂಜಿನ್ ನಿಲ್ಸೋದೇ ಬ್ಯಾಡ. ಬ್ಯಾಟ್ರಿ ಸತ್ತದೆ," ಎನ್ನುತ್ತಿದ್ದರು. ಅರ್ಧ ದಾರಿಗೇ ಹನ್ನೊಂದೂ ಮುಕ್ಕಾಲಾಯಿತು. ಮಾಯಾ ಗಡಿಯಾರ ನೋಡಿ ಕಣ್ಣು ಮುಚ್ಚಿಕೊಂಡಳು.

ಇನ್ನೊಂದಷ್ಟು ಏರಿದ ಮೇಲೆ ಒಂದು ತಿರುವಿನಲ್ಲಿ ಅರಳಿಮರ, ಅದರ ಬುಡಕ್ಕೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಕಲ್ಲಿನ ಜಗಲಿ. ಜಗಲಿಯ ಮೇಲೆ ನೇಪಾಳಿ ಟೋಪಿಯ ಮುದುಕರೊಬ್ಬರು ಕೋಲು ಹಿಡಿದು ಕೂತಿದ್ದರು. ಪಕ್ಕದಲ್ಲಿ ಒಬ್ಬ ಗಂಡಸು ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಬಾ!" ಎಂದು ಮಾಯಾ ಚೀರಿದಳು. ಅವರ ಮಾತಿನಲ್ಲಿ ಅಪ್ಪ ಎಂದರ್ಥ. ಜೀಪು ನಿಲ್ಲುವ ಮೊದಲೇ ಅವಳು ಇಳಿದಾಗಿತ್ತು.

ಮುದುಕರು ಎದ್ದು ಬಂದು ಮಗಳನ್ನು ನೋಡಲಿಲ್ಲ, ಜೀಪನ್ನು ನೋಡಿದರು. ಕೋಲಿನಿಂದ ಮಡ್‌ಗಾರ್ಡಿಗೆ ಒಂದು ಬಿಟ್ಟು ಏನೋ ಕೇಳಿದರು. ತಾಶಿ ಜೀಪಿನ ಹಿಂದೆಯೇ ನಿಂತು ನಮಗೆ ಕನ್ನಡದಲ್ಲಿ ಹೇಳಿದ.

"ಈ ಸಲ ನಿಜವಾಗ್ಲೂ ಕೆಟ್ಟಿತ್ತಾ ಅಂತ ಕೇಳ್ತಾವ್ರೆ."

ನಾನು ಇವರ ಎರಡೂ ಕೈ ಹಿಡಿದು ಮುಂದೆ ಚಾಚಿ ತೋರಿಸಿದೆ. ಮೊಣಕೈವರೆಗೂ ಮಸಿ. ಮುದುಕರು ಬಗ್ಗಿ ನೋಡಿ ತಲೆಯಾಡಿಸಿದರು. ಮಾಯಾ ಅವರ ಕಾಲ ಬಳಿ ಕೂತು ಬಿಕ್ಕುತ್ತಾ ಏನೋ ಹೇಳಿದಳು. ಅವತ್ತು ಜೀಪು ಕೆಟ್ಟಿರಲಿಲ್ಲ ಎಂದಿರಬೇಕು, ತಾಶಿ ತಲೆ ತಗ್ಗಿಸಿದ. ಮುದುಕರು ಕೋಲಿನಿಂದ ತಾಶಿಯ ಕಡೆ ತೋರಿಸುತ್ತಾ ಉತ್ತರ ಕೊಟ್ಟರು. ತಾಶಿ ತಲೆಯೆತ್ತದೆಯೇ ಅದನ್ನು ಕನ್ನಡ ಮಾಡಿದ.

"ಗೊತ್ತು ಅಂತವ್ರೆ ಅಕ್ಕ. ‘ಗಾಡಿ ಕೆಟ್ಟದೆ ಅಂದಿದ್ದಕ್ಕೆ ಅವತ್ತೂ ತಟ್ಟೆ ಇಡ್ಕಂಡು ನಿಮ್ಮನೇಗಂಟ ಇಳ್ದು ಬಂದಿದ್ದೆ. ಅಂಗಳದಲ್ಲಿ ಇವ್ನು ಜೀಪು ಸ್ಟಾರ್ಟ್ ಮಾಡಿ ತಿರುಗಿಸ್ತಿದ್ದ. ರಸ್ತೇಲಿ ನಿಂತ್ ನೋಡಿ ವಾಪಸ್ ಓದೆ’ ಅಂತವ್ರೆ."

ನದಿಯಿಂದ ಅಲ್ಲಿಯವರೆಗಿನ ಏರನ್ನು ನಾವು ಜೀಪಿನಲ್ಲಿ ಬಂದಿದ್ದೆವು. ಆ ಮುದುಕರು ಅದನ್ನು ನಡೆದೇ ಇಳಿದು, ತಟ್ಟೆಯನ್ನು ಹಾಗೇ ಹಿಡಿದು ಮತ್ತೆ ಹತ್ತಿದ್ದರು. ಇವತ್ತು ಅದೇ ಮಾತು ಕೇಳಿ ಮತ್ತೆ ಹೊರಟಿದ್ದರು.

ಜೊತೆಗಿದ್ದ ಮಾಯಾಳ ತಮ್ಮ ತಟ್ಟೆಯ ಬಟ್ಟೆ ತೆಗೆದ. ಕೆಂಪು ಅಕ್ಷತೆ, ಹಳದಿ ಮೊಳಕೆ. ಮುದುಕರು ನಮ್ಮ ಜೀಪಿನತ್ತ ಕೈ ತೋರಿಸಿ ಗದರಿದರು. ಆ ಸದ್ದಿನಲ್ಲಿ ಆಶೀರ್ವಾದದ ಮಂತ್ರ ಹೇಗೆ ಕೇಳುತ್ತದೆ, ನಿಲ್ಲಿಸು ಎಂದು. ಇವರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಎಂಜಿನ್ ನಿಲ್ಲಿಸಿದರು. ಕೆಳಗಿನಿಂದ ಕಾಳಿಗಂಡಕಿಯ ಸದ್ದು ಮೇಲೆ ಬಂತು.

ಮಗಳ ಹಣೆಯ ತುಂಬ ಅವರು ಅಕ್ಷತೆ ಒತ್ತಿದರು, ಉದ್ದಕ್ಕೆ ಏನೋ ಹೇಳಿದರು, ಮೊಳಕೆಯನ್ನು ಜಡೆಗೆ ಸಿಕ್ಕಿಸಿದರು. ನಮ್ಮಿಬ್ಬರಿಗೂ ಇಟ್ಟರು. ಆಮೇಲೆ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಬೆರಳಿನಿಂದ ಒಟ್ಟುಮಾಡಿ, ಜೀಪಿನ ಹಿಂದೆ ನಿಂತಿದ್ದವನ ಕಡೆ ತಿರುಗಿ ಒಂದೇ ಒಂದು ಮಾತು ಕರೆದರು. ಅಲ್ಲಿಯವರೆಗೆ ಎಲ್ಲವನ್ನೂ ಕನ್ನಡ ಮಾಡಿ ಹೇಳುತ್ತಿದ್ದ ತಾಶಿ ಇದನ್ನು ಹೇಳಲಿಲ್ಲ.

ಮಾಯಾ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ಅಳಿಯಂದಿರೇ ಅಂತ ಕರೀತಿದಾರೆ ಅಕ್ಕ."

ತಾಶಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನಡೆದು ಬಂದ.